ಶೂಟಿಂಗ್ ಬೇಡ ಅಂದರೆ ಔಟರ್ ವೈಲ್ಡ್ಸ್‌ನಿಂದಲೇ ಶುರು ಮಾಡಿ

ಗುಂಡು ಹಾರಿಸುವ ಆಟ ಇಷ್ಟವಿಲ್ಲ, ಆದರೆ ಬೇರೆ ಲೋಕದೊಳಗೆ ಪೂರ್ತಿ ಮುಳುಗಬೇಕು, ವಿಡಿಯೋ ಗೇಮ್‌ಗಳಲ್ಲಿ ಔಟರ್ ವೈಲ್ಡ್ಸ್ ತಗೊಳ್ಳಲಾ ಪ್ರೇ ತಗೊಳ್ಳಲಾ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಔಟರ್ ವೈಲ್ಡ್ಸ್ ತಗೊಳ್ಳಿ.

2019ರ ಈ ಗೇಮ್‌ನಲ್ಲಿ ಆಯುಧವೇ ಇಲ್ಲ. ಒಂದು ಪುಟ್ಟ ಸೌರಮಂಡಲ, ನಿಮ್ಮದೊಂದು ನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ನೀವು ಮತ್ತೆ ಮೊದಲಿನ ಜಾಗದಲ್ಲೇ ಕಣ್ಣು ಬಿಡುತ್ತೀರಿ. ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಗ್ರಹಗಳು ನಿಮಗಾಗಿ ಕಾಯುವುದಿಲ್ಲ. ಅವಳಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಲೇ ಇರುತ್ತದೆ. ಅಲ್ಲಿ ಗುಹೆಗಳು ಮುಚ್ಚಿಹೋಗುತ್ತವೆ, ಇಲ್ಲಿ ಹೂತಿದ್ದ ಕಟ್ಟಡಗಳು ಮೇಲೆ ಕಾಣಿಸುತ್ತವೆ. ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ನೀವೇ ಲೆಕ್ಕ ಹಾಕಿ, ಅದು ಸರಿಯಾದಾಗ ಆಗುವ ಖುಷಿ ನನಗೆ ಬೇರೆ ಯಾವ ಗೇಮ್‌ನಲ್ಲೂ ಸಿಕ್ಕಿಲ್ಲ! ಸಿಕ್ಕ ಸುಳಿವುಗಳನ್ನು ನೌಕೆಯ ಲಾಗ್, ಅಂದರೆ ದಾಖಲೆ ಪುಸ್ತಕ, ಜೋಡಿಸಿ ಇಡುತ್ತದೆ. ದಯವಿಟ್ಟು ವಾಕ್‌ಥ್ರೂ (ಗೇಮ್ ಮುಗಿಸುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಡುವ ವಿವರಣೆ) ಮಾತ್ರ ನೋಡಬೇಡಿ, ಗೊತ್ತಾದದ್ದನ್ನು ಮರೆತು ಆಡೋಕಾಗಲ್ಲ ಅಲ್ವಾ?

2017ರ ಪ್ರೇ ಕೂಡ ನನಗೆ ತುಂಬಾ ಇಷ್ಟ. ಮೇಜಿನ ಮೇಲಿರೋದು ನಿಜವಾದ ಕಾಫಿ ಕಪ್ ಹೌದಾ, ಕಪ್ ವೇಷ ಹಾಕಿದ ಜೀವಿಯಾ ಅಂತ ಪ್ರತಿ ಕೋಣೆಯಲ್ಲೂ ಅನುಮಾನ. ನೊರೆ ಎರಚುವ ಗನ್‌ನಿಂದ ಗೋಡೆಗೆ ಮೆಟ್ಟಿಲು ಮಾಡಿಕೊಂಡು ಹತ್ತಬಹುದು. ಆದರೆ ಹೊಡೆದಾಟ ಜಾಸ್ತಿ, ಆಮೇಲೆ ಆಡಿ. ಅದಕ್ಕೂ ಮೊದಲು ಸೋಮಾ ಅನ್ನೋ ಗೇಮ್ ಆಡಿ ನೋಡಿ. ಅದರ ಸೇಫ್ ಮೋಡ್‌ನಲ್ಲಿ ಯಾವ ಜೀವಿಯೂ ನಿಮ್ಮನ್ನು ಕೊಲ್ಲುವುದಿಲ್ಲ, ಕಥೆಯ ಮೇಲೆ ಗಮನ ಇಡಬಹುದು.

ಇನ್ನೊಂದು ಮಾತು, ಔಟರ್ ವೈಲ್ಡ್ಸ್‌ನಲ್ಲಿ ನೌಕೆ ತಾನೇ ಹೋಗಲಿ ಅಂತ ಆಟೋಪೈಲಟ್ ಹಾಕುವ ಮುಂಚೆ ದಾರಿ ನೋಡಿಕೊಳ್ಳಿ. ನಡುವೆ ಸೂರ್ಯ ಇದ್ದರೆ ನೌಕೆ ಅದನ್ನು ಸುತ್ತು ಹಾಕಿ ಹೋಗುವುದಿಲ್ಲ, ನೇರ ಅದರೊಳಗೇ ನುಗ್ಗುತ್ತದೆ.