ಹಳೇ ಲ್ಯಾಪ್‌ಟಾಪಿಂದ ವೈಫೈ ಹಂಚೋಕೆ ಯಾವ ಯುಎಸ್‌ಬಿ ಡಾಂಗಲ್ ತಗೋಬೇಕು?

ಲಿನಕ್ಸ್ ಹಾಕಿರೋ ಹಳೇ ಲ್ಯಾಪ್‌ಟಾಪಿಗೆ ಕೇಬಲಲ್ಲಿ ನೆಟ್ ಬರ್ತಿದೆ, ಅದನ್ನ ಫೋನುಗಳಿಗೆ ವೈಫೈ ಮಾಡಿ ಕೊಡ್ಬೇಕು, ಯಾವ ಡಾಂಗಲ್ ಅಂತ ಕೇಳಿದೀರ. ಡಬ್ಬದ ಮೇಲಿರೋ ಹೆಸರು, ಸ್ಪೀಡು ಎಲ್ಲ ಆಮೇಲೆ, ಮೊದ್ಲು ಒಳಗೆ ಯಾವ ಚಿಪ್ ಇದೆ ನೋಡಿ. ಬೇರೆ ವೈಫೈಗೆ ಕನೆಕ್ಟ್ ಆಗೋದು ಎಲ್ಲಾ ಡಾಂಗಲ್ಲಿಗೂ ಬರುತ್ತೆ, ಆದ್ರೆ ತಾನೇ ವೈಫೈ ಕೊಡೋದು, ಅಂದ್ರೆ ಎಪಿ ಮೋಡ್, ಡ್ರೈವರ್ (ಆ ಚಿಪ್ ಓಡಿಸೋ ಸಾಫ್ಟ್‌ವೇರ್) ಒಪ್ಪಿದ್ರೆ ಮಾತ್ರ.

ಮಾಡೆಲ್ ನಂಬರ್ ನೋಡ್ಕೊಂಡು ತಗೊಂಡ್ರೂ ಸಾಲಲ್ಲ. ಟಿಪಿ-ಲಿಂಕ್ ಡಬ್ಲ್ಯೂಎನ್722ಎನ್ ವರ್ಶನ್ 1ರಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು, ಎಪಿ ಮೋಡ್ ಆರಾಮಾಗಿ ಆಗ್ತಿತ್ತು. ವರ್ಶನ್ 2ರಿಂದ ರಿಯಲ್‌ಟೆಕ್ ಚಿಪ್ಪು, ಹೆಸರು ಮಾತ್ರ ಅದೇ! ಹಳೇ ಪೋಸ್ಟ್ ಓದ್ಕೊಂಡು ಹೊಸದು ತಗೊಂಡೋರು ತಲೆ ಚಚ್ಕೋತಾರೆ.

ನನ್ನ ಓಟು ಮೀಡಿಯಾಟೆಕ್ ಎಂಟಿ7612ಯು ಚಿಪ್ಪಿಗೆ. 2.4, 5 ಗಿಗಾಹರ್ಟ್ಸ್ ಬ್ಯಾಂಡ್ ಎರಡೂ ಇದೆ, ಡ್ರೈವರ್ ವರ್ಶನ್ 4.19ರಿಂದ ಕರ್ನಲ್ (ಲಿನಕ್ಸಿನ ತಿರುಳು) ಒಳಗೇ ಇರೋದ್ರಿಂದ ನೀವೇನೂ ಕಂಪೈಲ್ ಮಾಡೋದು ಬೇಡ. ಎರಡ್ಮೂರು ಫೋನಿಗೆ 2.4 ಸಾಕು ಅಂದ್ರೆ ರಾಲಿಂಕ್ ಆರ್‌ಟಿ5370. ಎಆರ್9271 ಸಿಕ್ಕಿದ್ರೆ ಅದೂ ಓಕೆ, ಆದ್ರೆ ಏಳೆಂಟು ಡಿವೈಸ್ ದಾಟಿದ್ರೆ ಅದ್ರ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡೋ ಸಾಫ್ಟ್‌ವೇರ್) ಕೈ ಎತ್ತಿಬಿಡುತ್ತೆ. ಹೊರಗಿಂದ ಡ್ರೈವರ್ ತಂದು ಹಾಕೋ ಚಿಪ್ ಮಾತ್ರ ಬೇಡ, ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಅದೇ ಗೋಳು.

ಕೈಲಿ ಯಾವ್ದಾದ್ರೂ ಡಾಂಗಲ್ ಇದ್ರೆ ಚುಚ್ಚಿ ಟರ್ಮಿನಲಲ್ಲಿ 'ಐಡಬ್ಲ್ಯೂ ಲಿಸ್ಟ್' (iw list) ಹೊಡೀರಿ, ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್ ಕೆಳಗೆ ಎಪಿ ಅಂತ ಬರ್ಬೇಕು, ಬರ್ಲಿಲ್ಲ ಅಂದ್ರೆ ಆ ಡ್ರೈವರಲ್ಲಿ ಆಗಲ್ಲ ಬಿಡಿ.

ಇನ್ನೊಂದು, ನಾನೇ ಮಾಡ್ಕೊಂಡ ಯಡವಟ್ಟು. 5 ಗಿಗಾಹರ್ಟ್ಸಲ್ಲಿ ಹೋಸ್ಟ್‌ಎಪಿಡಿ (ಲಿನಕ್ಸಲ್ಲಿ ವೈಫೈ ಕೊಡೋ ಪ್ರೋಗ್ರಾಮ್) ಏಳ್ತಾನೇ ಇರ್ಲಿಲ್ಲ, ಡಾಂಗಲ್ಲೇ ಡಬ್ಬಾ ಅಂತ ರಾತ್ರಿಯೆಲ್ಲ ಬೈಕೊಂಡು ಕೂತಿದ್ದೆ, ನೋಡಿದ್ರೆ ದೇಶದ ಕೋಡೇ ಹಾಕಿರ್ಲಿಲ್ಲ. ಯಾವ ದೇಶ ಅಂತ ಹೇಳದೆ ಕೋಡ್ 00 ಇದ್ರೆ 5 ಗಿಗಾಹರ್ಟ್ಸ್ ಚಾನೆಲಲ್ಲಿ ಬರೀ ಕೇಳಿಸ್ಕೊಳ್ಳೋಕೆ ಪರ್ಮಿಷನ್, ನಾವಾಗಿ ಸಿಗ್ನಲ್ ಬಿಡೋ ಹಾಗಿಲ್ಲ. ಹೋಸ್ಟ್‌ಎಪಿಡಿ ಕಾನ್ಫಿಗಲ್ಲಿ ನಿಮ್ಮ ದೇಶದ ಕೋಡ್ ಮೊದ್ಲೇ ಹಾಕ್ಬಿಡಿ.

ಆಮೇಲೆ 2.4ರಲ್ಲಿ ಓಡಿಸೋದಾದ್ರೆ ಯುಎಸ್‌ಬಿ 3 ಪೋರ್ಟಿನ ಪಕ್ಕ ಚುಚ್ಬೇಡಿ, ಅದ್ರಲ್ಲಿ ಹಾರ್ಡ್‌ಡಿಸ್ಕ್ ಓಡ್ತಿದ್ರೆ ಅದರ ನಾಯ್ಸ್ ನೇರ ಈ ಬ್ಯಾಂಡಿಗೇ ಬೀಳುತ್ತೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್‌ನ ದೂರ ಇಡಿ.