ಪಟ್ಟಿ ಎತ್ತಿದವರು ಲೆಕ್ಕ ಓದಲಿ

ಜಮಖಂಡಿಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: "ನನ್ನ ತಂಗಿಯ ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ತನ್ನ ಮೆಚ್ಚಿನ ನಟನ ಒಂದು ಪಾತ್ರವನ್ನಿಟ್ಟುಕೊಂಡು ಅಭಿಮಾನಿಗಳೇ ತೆಗೆಯುವ ಚಿತ್ರಕ್ಕೆಂದು ಮೊದಲು 500, ಆಮೇಲೆ 1,500 ರೂಪಾಯಿ ಕೊಟ್ಟ. ಎರಡು ವರ್ಷದಲ್ಲಿ ಬಂದದ್ದು ಒಂದು ಪೋಸ್ಟರು, ಒಂದೂವರೆ ನಿಮಿಷದ ಟೀಸರು. ಈಗ 'ಗ್ರಾಫಿಕ್ಸ್ ಬಾಕಿ ಇದೆ' ಎಂದು ಮತ್ತೆ ಕೇಳುತ್ತಿದ್ದಾರೆ, ಇವನು ಮತ್ತೆ ಕೊಡಲು ಹೊರಟಿದ್ದಾನೆ. ಓದಿದ ಹುಡುಗರು ಇಷ್ಟು ದಡ್ಡರಾಗುವುದು ಹೇಗೆ? ಪೊಲೀಸರಿಗೆ ದೂರು ಕೊಡಬಹುದೇ? ರೊಕ್ಕ ವಾಪಸ್ ಬರುತ್ತದೆಯೇ?"

ಗುರುಗಳೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಓದುವ ಹುಡುಗನಿಗೆ ಎರಡು ಸಾವಿರ ಸಣ್ಣ ಮೊತ್ತವಲ್ಲ, ಜನರಿಂದ ಹಣ ಎತ್ತುವ ಇಂಥ ಪಟ್ಟಿಗಳಲ್ಲಿ ಮೋಸದವೂ ಇವೆ. ಆದರೆ "ದಡ್ಡರು" ಎಂಬ ಮಾತಿಗೆ ನನ್ನ ತಕರಾರಿದೆ, ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಜನರಿಂದ ಹಣ ಕೂಡಿಸಿ ಸಿನಿಮಾ ಮಾಡುವುದು ಮೊಬೈಲು ಬಂದಮೇಲೆ ಹುಟ್ಟಿದ ಖಯಾಲಿಯಲ್ಲ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದ್ದರಿಂದ 1976ರಲ್ಲಿ ಶ್ಯಾಮ್ ಬೆನಗಲ್ ಅವರ 'ಮಂಥನ್' ಆಯಿತು. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಕಲೆಕ್ಟಿವ್ ಎಂಬ ಬಳಗದ ಗೆಳೆಯರು ಊರೂರು ತಿರುಗಿ ಕೂಡಿಸಿದ ಹಣದಲ್ಲಿ 1986ರ ಒಂದು ಚಿತ್ರ ಬಂತು. ನಮ್ಮಲ್ಲೇ ಪವನ್ ಕುಮಾರ್ 'ಲೂಸಿಯಾ'ಕ್ಕೆ ಪ್ರೇಕ್ಷಕರಿಂದ ಸುಮಾರು 50 ಲಕ್ಷ ಕೂಡಿಸಿದರು, 2013ರಲ್ಲಿ ಚಿತ್ರವನ್ನು ತೆರೆಗೂ ತಂದರು. ಅಂತರ್ಜಾಲದಲ್ಲಿ ಜನರಿಂದ ಹಣ ಎತ್ತಿಕೊಡುವ ಅಮೆರಿಕದ ಕಿಕ್‌ಸ್ಟಾರ್ಟರ್ ಕಂಪನಿಗಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮಾಲಿಕ್ 2015ರಲ್ಲಿ ಸುಮಾರು 47,000 ಕೊಡುಗೆದಾರರ ಉತ್ತರ ತರಿಸಿಕೊಂಡು ಲೆಕ್ಕ ಹಾಕಿದಾಗ, ಗುರಿ ಮುಟ್ಟಿಯೂ ಹೇಳಿದ್ದನ್ನು ಕೊಡದೆ ಹೋದ ಯೋಜನೆಗಳು ನೂರಕ್ಕೆ 9 ಬಂದವು. ಉಳಿದ 91 ತಡವಾಗಿಯಾದರೂ ಕೈಗೆ ಏನನ್ನೋ ಕೊಟ್ಟಿವೆ. ಹಾಗಿದ್ದಮೇಲೆ ಕೊಡುವವರ ನಂಬಿಕೆಯನ್ನು ಹುಚ್ಚು ಎನ್ನುವುದು ಹೇಗೆ?

ಅಭಿಮಾನಿ ಚಿತ್ರಗಳಲ್ಲಿ ಎಲ್ಲರೂ ಮೊದಲು ಎತ್ತುವ ಪ್ರಕರಣ 'ಆಕ್ಸನಾರ್'. ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್‌ನ ಅಭಿಮಾನಿಗಳ ಒಂದು ತಂಡ 2014ರಲ್ಲಿ ಸುಮಾರು 1 ಲಕ್ಷ ಡಾಲರ್ ಎತ್ತಿ 21 ನಿಮಿಷದ ಪೂರ್ವಭಾಗವೊಂದನ್ನು ತೆಗೆಯಿತು. ಅದು ಚೆನ್ನಾಗಿಯೇ ಇತ್ತು, ತೊಡಕು ಶುರುವಾದದ್ದೂ ಅಲ್ಲಿಂದಲೇ. ಒಂದು ಲಕ್ಷಕ್ಕೆ ಇಷ್ಟು ಮಾಡಿದವರು ಇನ್ನಷ್ಟು ಕೊಟ್ಟರೆ ಎಷ್ಟು ಮಾಡಿಯಾರು ಎಂದು ಜನ ಅದೇ ವರ್ಷ ಇನ್ನೂ 6 ಲಕ್ಷ 38 ಸಾವಿರ ಡಾಲರ್ ಸುರಿದರು. 2015ರಲ್ಲಿ ಮತ್ತೊಂದು ಸುತ್ತಿನಲ್ಲಿ 5 ಲಕ್ಷ 70 ಸಾವಿರ ದಾಟಿತು. ಅದರಲ್ಲಿ ಒಂದು ಭಾಗ ಗೋದಾಮನ್ನು ಸ್ಟುಡಿಯೋ ಮಾಡುವುದಕ್ಕೆ ಹೋಯಿತು, ಪೂರ್ಣ ಚಿತ್ರ ಮಾತ್ರ ಆಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಹಕ್ಕುದಾರ ಕಂಪನಿಗಳಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ದಾವೆ ಹೂಡಿದವು. 2017ರ ಜನವರಿಯಲ್ಲಿ ನ್ಯಾಯಾಧೀಶರು 'ನ್ಯಾಯಯುತ ಬಳಕೆ' (ಹಕ್ಕುದಾರರ ಒಪ್ಪಿಗೆ ಇಲ್ಲದೆಯೂ ಬಳಸಲು ಕಾನೂನು ಕೊಡುವ ರಿಯಾಯಿತಿ) ಎಂಬ ವಾದ ಇಲ್ಲಿ ನಡೆಯುವುದಿಲ್ಲ ಎಂದರು. ಅದೇ ತಿಂಗಳು ರಾಜಿಯಾಯಿತು: 15 ನಿಮಿಷದ ಎರಡು ಭಾಗಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಸಾರ್ವಜನಿಕವಾಗಿ ಹಣ ಎತ್ತುವಂತಿಲ್ಲ. ಇದರ ನಡುವೆ, 2016ರ ಜೂನಿನಲ್ಲಿ ಕಂಪನಿಗಳು ಎಲ್ಲ ಅಭಿಮಾನಿ ಚಿತ್ರಗಳಿಗೂ ನಿಯಮ ಹಾಕಿದ್ದವು. ಒಂದು ಕಥೆ ಒಟ್ಟು 30 ನಿಮಿಷ ದಾಟಬಾರದು, ಎತ್ತುವ ಹಣ 50,000 ಡಾಲರ್ ಮೀರಬಾರದು. ಇಷ್ಟಾದಮೇಲೂ ಆ ತಂಡದ ಬೆನ್ನಿಗೆ ನಿಂತವರಲ್ಲಿ ಹಲವರು ಬಿಟ್ಟು ಹೋಗಲಿಲ್ಲ.

ಏಕೆ ಬಿಡಲಿಲ್ಲ ಎಂಬುದಕ್ಕೆ ಹಳೆಯ ಎರಡು ಅಧ್ಯಯನ ನೆನೆಯಬೇಕು. 1985ರಲ್ಲಿ ಪ್ರಕಟವಾದ ಒಂದರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬಿಬ್ಬರು ಓಹಾಯೋದ ಒಂದು ನಾಟಕಮಂದಿರದ ವರ್ಷದ ಟಿಕೆಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಗೆ ಕೊಡಿಸಿ ನೋಡಿದರು. ವರ್ಷದ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ತೆತ್ತವರೇ ಹೆಚ್ಚು ನಾಟಕಕ್ಕೆ ಬಂದರು. ಕೊಟ್ಟ ರೊಕ್ಕ ವ್ಯರ್ಥವಾಗಬಾರದು ಎಂಬುದೇ ಮುಂದಿನ ಹೆಜ್ಜೆಗೆ ಕಾರಣವಾಗುತ್ತದೆ. ಇನ್ನೊಂದು 1954ರದು. ಡಿಸೆಂಬರ್ 21ಕ್ಕೆ ಪ್ರಳಯ ಎಂದು ನಂಬಿದ್ದ ಒಂದು ಗುಂಪಿನೊಳಗೆ ಮನಶ್ಶಾಸ್ತ್ರಜ್ಞ ಲಿಯೊನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಧ್ಯಯನಕ್ಕೆಂದು ಸೇರಿಕೊಂಡಿದ್ದರು. ಪ್ರಳಯ ಬರಲಿಲ್ಲ. ಮನೆ, ಕೆಲಸ ಬಿಟ್ಟು ಬಂದಿದ್ದವರು ಅದಾದಮೇಲೆ ಇನ್ನಷ್ಟು ಗಟ್ಟಿಯಾಗಿ ಸಾರತೊಡಗಿದರು ಎಂದು ಫೆಸ್ಟಿಂಗರ್ ತಂಡ ಬರೆಯಿತು. ನಿಮ್ಮ ಅಳಿಯನ ಎರಡನೆಯ ಕಂತು ಮೊದಲನೆಯದಕ್ಕಿಂತ ಮೂರು ಪಟ್ಟು ಇದ್ದದ್ದನ್ನು ಈ ಬೆಳಕಿನಲ್ಲಿ ನೋಡಿ. ಆ 1,500ರಲ್ಲಿ ಹಿಂದಿನ 500ರ ಮರ್ಯಾದೆಯೂ ಸೇರಿತ್ತು.

ಅವನು ಸಿನಿಮಾ ಕೊಂಡಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ಜಾತ್ರೆಯ ನಾಟಕದಲ್ಲಿ ದೃಶ್ಯದ ನಡುವೆ ಮೈಕು ಹಿಡಿದು "ಇಂಥವರಿಂದ ನೂರಾ ಒಂದು ರೂಪಾಯಿ" ಎಂದು ಕೂಗುತ್ತಾರಲ್ಲ, ಆ ನೂರಾ ಒಂದನ್ನು ಕೊಟ್ಟವನು ನಾಟಕ ಹೇಗಿತ್ತು ಎಂದು ಅಳೆದು ಕೊಟ್ಟಿರುವುದಿಲ್ಲ. ತನ್ನ ಊರು, ತನ್ನ ಮಂದಿ, ಅದರೊಳಗೆ ತನ್ನದೊಂದು ಹೆಸರು. ಅಭಿಮಾನಿ ಚಿತ್ರದ ಕೊನೆಯಲ್ಲಿ ಹಾಯುವ ಹೆಸರುಪಟ್ಟಿಗೂ ಇದೇ ಬೆಲೆ. ವಾರಕ್ಕೊಮ್ಮೆ ಬರುವ "ಅಪ್‌ಡೇಟ್", ಮೇಕಪ್ಪಿನ ಫೋಟೊ, ಗುಂಪಿನೊಳಗಿನ ಹರಟೆ, ಇವೆಲ್ಲ ಆಗಲೇ ಕೈಗೆ ಬಂದ ಸರಕು. ಹೀಗಾಗಿ ಚಿತ್ರ ಬರದಿದ್ದರೂ ಮೋಸವಾಯಿತೆಂದು ಅನ್ನಿಸುವುದು ಬಹಳ ತಡವಾಗಿ.

ಇನ್ನು ಎತ್ತಿದವರ ಕಡೆಗೆ ಬರೋಣ. ಇಂಥ ಚಿತ್ರಗಳು ಕಳ್ಳತನದಿಂದ ಕೆಡುವುದಕ್ಕಿಂತ ಲೆಕ್ಕ ಬಾರದೆ ಕೆಡುವುದೇ ಹೆಚ್ಚು. ಚಿತ್ರಕಥೆಯ ಒಂದು ಪುಟ ಎಂದರೆ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ಹೊಸಬರ ತಂಡ ದಿನಕ್ಕೆ ಮೂರು ಪುಟ ಮುಗಿಸಿದರೆ ಪುಣ್ಯ. ಇಪ್ಪತ್ತು ನಿಮಿಷದ ಚಿತ್ರಕ್ಕೆ ಏಳು ದಿನ ಬೇಕಾಯಿತು. ಇಪ್ಪತ್ತು ಮಂದಿಗೆ ಊಟ, ಚಹಾ ಸೇರಿ ತಲಾ 250 ಹಿಡಿದರೆ ಅದೊಂದಕ್ಕೇ 35,000. ಕ್ಯಾಮೆರಾ, ಲೆನ್ಸು, ಲೈಟಿನ ಬಾಡಿಗೆ, ಜನರೇಟರಿನ ಡೀಸೆಲ್ಲು ಬೇರೆ. ಗೋಳಗುಮ್ಮಟದ ಮುಂದೆ ಒಂದು ಹೊಡೆದಾಟ ಇಟ್ಟರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ, ಶುಲ್ಕ, ಠೇವಣಿ. ಇದನ್ನು ಯಾರೂ ಬಜೆಟ್ಟಿನಲ್ಲಿ ಬರೆದಿರುವುದಿಲ್ಲ, "ಬೆಳಿಗ್ಗೆ ಬೇಗ ಹೋಗಿ ಹೊಡಕೊಂಡ್ ಬರೋಣ" ಎಂದುಕೊಂಡಿರುತ್ತಾರೆ.

ಆಮೇಲೆ ಕಾಣಿಕೆಗಳ ಲೆಕ್ಕ. 500 ಕೊಟ್ಟವರಿಗೆ ಟೀ-ಶರ್ಟು ಎಂದು ಸಾರಿರುತ್ತಾರೆ. ಮುದ್ರಣ ಸೇರಿ 250, ಕೊರಿಯರಿಗೆ 70 ಎಂದು ಹಿಡಿಯಿರಿ, ಚಿತ್ರಕ್ಕೆ ಉಳಿದದ್ದು 180. ಹಣ ಎತ್ತಿಕೊಡುವ ಕಂಪನಿಯ ಪಾಲು ಇನ್ನೂ ಕಳೆದಿಲ್ಲ. ಕಿಕ್‌ಸ್ಟಾರ್ಟರ್ ಆದರೆ ನೂರಕ್ಕೆ 5, ಪಾವತಿ ಶುಲ್ಕ ಪ್ರತ್ಯೇಕ. ಅಲ್ಲಿ ಗುರಿ ಮುಟ್ಟದಿದ್ದರೆ ಯಾರ ಹಣವೂ ಕಡಿತವಾಗುವುದಿಲ್ಲ ಎಂಬುದೊಂದು ಕಾವಲು. ಬಂದಷ್ಟನ್ನು ಇಟ್ಟುಕೊಳ್ಳುವ ಪದ್ಧತಿ ಬೇರೆ ಕಡೆಗಳಲ್ಲಿದೆ, ವೈಯಕ್ತಿಕ ಯುಪಿಐ ನಂಬರಿಗೆ ಹಾಕಿಸಿಕೊಳ್ಳುವ ನಮ್ಮೂರ ಪದ್ಧತಿಯೂ ಅದೇ. 6 ಲಕ್ಷ ಬೇಕಾದ ಕಡೆ 2 ಲಕ್ಷ ಬಂದರೆ ಆ ಎರಡರಲ್ಲಿ ಚಿತ್ರವಂತೂ ಆಗುವುದಿಲ್ಲ, ಟೀಸರು ಆಗುತ್ತದೆ. ಟೀಸರಿಗೆಂದು ಒಳ್ಳೆಯ ಕ್ಯಾಮೆರಾ ಎರಡು ದಿನ ತಂದು, ಇಡೀ ಕಥೆಯ ಆಯ್ದ ಹತ್ತು ಶಾಟು ತೆಗೆದುಬಿಡುತ್ತಾರೆ, ನಡುವಿನದ್ದು ಹಾಳೆಯ ಮೇಲೆ ಉಳಿಯುತ್ತದೆ. ಅಷ್ಟರಲ್ಲಿ ನಾಯಕನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕು ಗಡ್ಡ ಬೋಳಿಸಿರುತ್ತಾನೆ, ಕ್ಯಾಮೆರಾದ ಹುಡುಗನಿಗೆ ಸೆಮಿಸ್ಟರ್ ಪರೀಕ್ಷೆ. ತೆಗೆದದ್ದೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿರುತ್ತದೆ, ಎರಡನೆಯ ಪ್ರತಿ ಇರುವುದಿಲ್ಲ.

"ಗ್ರಾಫಿಕ್ಸ್ ಬಾಕಿ" ಎಂಬ ಮಾತಿನ ಮೇಲೆ ಕಣ್ಣಿಡಿ. ಸೆಕೆಂಡಿಗೆ 24 ಫ್ರೇಮು, ನಿಮಿಷಕ್ಕೆ 1,440. ಹಸಿರು ಪರದೆ ಇಲ್ಲದೆ ಬಯಲಿನಲ್ಲಿ ತೆಗೆದಿದ್ದರೆ ಮನುಷ್ಯನ ಆಕಾರವನ್ನು ಫ್ರೇಮು ಫ್ರೇಮಿಗೂ ಕತ್ತರಿಸಬೇಕು. ಬಾಕಿ ಇರುವುದು ಎಷ್ಟು ಶಾಟು, ಒಂದೊಂದೂ ಎಷ್ಟು ಸೆಕೆಂಡು, ಯಾರು ಮಾಡುತ್ತಿದ್ದಾರೆ ಎಂದು ಕೇಳಿದರೆ ನಿಜವಾಗಿ ಕೆಲಸ ನಡೆಸಿದವನು ಒಂದು ಹಾಳೆಯಲ್ಲಿ ಬರೆದುಕೊಡಬಲ್ಲ. ಕೊಡಲಾರದವನು ಶೂಟಿಂಗನ್ನೇ ಮುಗಿಸಿಲ್ಲ ಎಂದು ತಿಳಿಯಿರಿ.

ಗುರುಗಳೇ, ಇಲ್ಲಿ ನಿಮ್ಮ ನಮ್ಮ ತಲೆಮಾರನ್ನೂ ಸ್ವಲ್ಪ ತಡವಬೇಕಾಗುತ್ತದೆ. ಬೆಳಗಾವಿಯಿಂದ ಬಾಗಲಕೋಟೆಯವರೆಗೆ ಬಾಗಿಲು ಹಾಕಿದ ಪತ್ತಿನ ಸಂಘಗಳಲ್ಲಿ ಲಕ್ಷಗಟ್ಟಲೆ ಠೇವಣಿ ಇಟ್ಟವರು ಇಂಜಿನಿಯರಿಂಗ್ ಹುಡುಗರಲ್ಲ. ನಿವೃತ್ತಿಯ ಹಣ ಕೈಗೆ ಬಂದ ಮಾಸ್ತರರು, ಗುಮಾಸ್ತರು, ಮಗಳ ಮದುವೆಗೆ ಕೂಡಿಟ್ಟ ತಾಯಂದಿರು. ಏಕೆ ಇಟ್ಟಿರಿ ಎಂದರೆ ಉತ್ತರ ಒಂದೇ: ಅಧ್ಯಕ್ಷರು ನಮ್ಮವರು, ಪಿಗ್ಮಿ ಏಜೆಂಟ ನಮ್ಮ ಓಣಿಯವ. ಬಡ್ಡಿ ಒಂದೂವರೆ ಹೆಚ್ಚು ಎಂಬುದು ಆಮೇಲಿನ ಮಾತು. ಸಂಘದ ವಾರ್ಷಿಕ ಸಾಮಾನ್ಯ ಸಭೆಗೆ ಹೋಗಿ, ವರದಿ ಪುಸ್ತಕ ಬಿಚ್ಚದೆ, ಊಟ ಮಾಡಿ ಸ್ಟೀಲಿನ ಡಬ್ಬಿ ಹಿಡಿದು ಬಂದವರು ನಾವೇ. ನಮ್ಮವ ಎಂಬ ನಂಬಿಕೆಯನ್ನೇ ಬಂಡವಾಳ ಮಾಡಿಕೊಳ್ಳುವ ವಂಚನೆ ಎಲ್ಲ ದೇಶದಲ್ಲಿದೆ, ಎಲ್ಲ ವಯಸ್ಸಿನವರಿಗೂ ಆಗುತ್ತದೆ. ಹುಡುಗನ ಎರಡು ಸಾವಿರಕ್ಕೆ ದಡ್ಡತನ ಎಂದು ಹೆಸರಿಟ್ಟರೆ ನಮ್ಮ ಲಕ್ಷಗಳಿಗೆ ಏನೆನ್ನುವುದು?

ಲೆಕ್ಕ ಕೇಳುವ ರೂಢಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು ಜಮಾ-ಖರ್ಚು ಓದಿಸುತ್ತಿದ್ದ ಊರುಗಳು ಈಗಲೂ ಇವೆ. ಪೆಂಡಾಲಿಗೆ ಇಷ್ಟು, ಭಜಂತ್ರಿಯವರಿಗೆ ಇಷ್ಟು, ಎಣ್ಣೆಗೆ ಇಷ್ಟು, ಶಿಲ್ಕು ಇಷ್ಟು, ಅದು ಯಾರ ಕೈಯಲ್ಲಿದೆ. ಹತ್ತು ರೂಪಾಯಿ ಕೊಟ್ಟವನೂ ಎದ್ದು ನಿಂತು ಕೇಳಬಹುದು, ಕೇಳಿದರೆ ಅಪಮಾನವೆಂದು ಯಾರೂ ತಿಳಿಯುವುದಿಲ್ಲ. ಗಣಪತಿ ಮಂಡಳಿಯ ಹುಡುಗರು ಪಾವತಿ ಹರಿದು ಕೊಡುತ್ತಾರೆ. ಲಕ್ಷ ಲಕ್ಷ ಎತ್ತುವ ಅಭಿಮಾನಿ ಚಿತ್ರದವರು ಏಕೆ ಹರಿಯುವುದಿಲ್ಲ? ಮಾಡಬೇಕಾದದ್ದು ಬಹಳವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು, ಏಳು ಮಂದಿ ಇದ್ದರೆ ಸಂಘ ನೋಂದಾಯಿಸಬಹುದು. ಅದರ ಹೆಸರಿನಲ್ಲಿ ಬ್ಯಾಂಕು ಖಾತೆ, ಇಬ್ಬರ ಸಹಿ. ಹಣವನ್ನು ಒಮ್ಮೆಲೇ ಎತ್ತದೆ ಮೂರು ಹಂತ ಮಾಡಿ: ಬರವಣಿಗೆ ಮತ್ತು ತಾಲೀಮು, ಶೂಟಿಂಗು, ಸಂಕಲನ ಮತ್ತು ಧ್ವನಿ. ಹಿಂದಿನ ಹಂತದ ಲೆಕ್ಕ ಹಾಕದೆ ಮುಂದಿನದಕ್ಕೆ ಕೇಳಕೂಡದು. ನೂರಕ್ಕೆ ಹತ್ತು ಅನಿರೀಕ್ಷಿತ ಖರ್ಚಿಗೆಂದು ಮೊದಲೇ ತೆಗೆದಿಡಬೇಕು, ಮಳೆ ಬಂದೇ ಬರುತ್ತದೆ.

ಮೂಲದ ಹಕ್ಕುದಾರರ ಒಪ್ಪಿಗೆ ಪತ್ರವನ್ನಂತೂ ಮೊದಲ ದಿನವೇ ಕೇಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ಬಳಕೆ, ವಿಮರ್ಶೆ, ವರದಿಗಾರಿಕೆಗೆ ಕೊಟ್ಟ ರಿಯಾಯಿತಿಯಲ್ಲಿ ಅಭಿಮಾನಕ್ಕೆ ಪ್ರತ್ಯೇಕ ಜಾಗವಿಲ್ಲ. ನಟನ ಮುಖ, ಧ್ವನಿಯ ವಿಷಯವಾಗಿ ದೆಹಲಿ ಹೈಕೋರ್ಟು 2023ರ ಸೆಪ್ಟೆಂಬರಿನಲ್ಲಿ ನಟ ಅನಿಲ್ ಕಪೂರ್ ಪರ, ಒಪ್ಪಿಗೆಯಿಲ್ಲದೆ ಅವನ್ನು ಲಾಭಕ್ಕೆ ಬಳಸಕೂಡದೆಂದು ಕೊಟ್ಟ ಆದೇಶವಿದೆ. ಹಿನ್ನೆಲೆಗೆ ಮೂಲ ಚಿತ್ರದ ಹಾಡು ಹಾಕಿದರೆ ಯೂಟ್ಯೂಬಿನ ಯಂತ್ರವೇ ಗುರುತು ಹಿಡಿದು ತಡೆಯುತ್ತದೆ, ಇಲ್ಲವೇ ಜಾಹೀರಾತಿನ ಹಣ ಆಡಿಯೋ ಕಂಪನಿಗೆ ಹೋಗುತ್ತದೆ.

ಈ ಹುಡುಗರು ಯಾಕೆ ಇಷ್ಟೆಲ್ಲ ಒದ್ದಾಡುತ್ತಾರೆ ಎಂದು ನಮ್ಮ ಚಿತ್ರರಂಗ ಎಂದಾದರೂ ಕೇಳಿಕೊಂಡಿದೆಯೇ? ಎಣಗಿ ಬಾಳಪ್ಪನವರಂಥ ನಟ ಹುಟ್ಟಿದ ಜಿಲ್ಲೆ ಬೆಳಗಾವಿ, ಗಾಯಕಿ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಕೃಷ್ಣ ಪಾರಿಜಾತವನ್ನು ಬೆಳಗಿನ ತನಕ ಕೂತು ನೋಡುವ ಸೀಮೆ ಇದು. ಗಾಂಧಿನಗರದಲ್ಲಿ ನಮ್ಮ ಮಾತು ಎಂದರೆ ಹಾಸ್ಯಗಾರನ ಮಾತು, ಬಿಟ್ಟರೆ ಮೀಸೆ ತಿರುವುವ ಗೌಡನ ಮಾತು. ನಾಯಕ "ಏನ್ರೀ ಯಪ್ಪಾ" ಎಂದರೆ ಚಿತ್ರಮಂದಿರ ನಗಬೇಕು ಎಂದೇ ಬರೆದಿರುತ್ತಾರೆ. ಈ ಹುಡುಗರು ತಮ್ಮ ಮೆಚ್ಚಿನ ಪಾತ್ರವನ್ನು ಕೂಡಲಸಂಗಮಕ್ಕೋ ಬಾದಾಮಿಗೋ ತಂದು ನಿಲ್ಲಿಸಿ ತಮ್ಮ ಮಾತಿನಲ್ಲಿ ಮಾತಾಡಿಸುತ್ತೇವೆ ಎಂದಾಗ ನಿಮ್ಮ ಅಳಿಯನ ಕೈ ಜೇಬಿಗೆ ಹೋದದ್ದು ನನಗೆ ಅರ್ಥವಾಗುತ್ತದೆ. ಸಾಲದ್ದಕ್ಕೆ, ಒಬ್ಬ ಹುಡುಗ ಸಂಕಲನ ಕಲಿಯಬೇಕೆಂದರೆ ಇಲ್ಲಿಂದ ರಾತ್ರಿ ಬಸ್ಸು ಹತ್ತಬೇಕು. ತಾರೆಯರ ಕಟೌಟಿಗೆ ಹಾಲು ಸುರಿಯುವುದನ್ನು ಪತ್ರಿಕೆಗಳು ಫೋಟೊ ಹಾಕಿ ಮೆರೆಸುತ್ತವೆ, ಅದೇ ಹಣದಲ್ಲಿ ಕ್ಯಾಮೆರಾ ಬಾಡಿಗೆ ತಂದ ಹುಡುಗ ಮಾತ್ರ ದಡ್ಡ.

ಇನ್ನು ನಿಮ್ಮ ಪ್ರಶ್ನೆಗಳು. ಪೊಲೀಸರಿಗೆ ದೂರು ಕೊಡಬಹುದು, ಆದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಪ್ರಕಾರ ವಂಚನೆ ಆಗಬೇಕಾದರೆ ಕೇಳಿದ ದಿನವೇ ಕೊಡುವ ಮನಸ್ಸಿರಲಿಲ್ಲ ಎಂದು ತೋರಿಸಬೇಕು. ಮಾಡಲು ಹೋಗಿ ಸೋತವನ ಮೇಲೆ ಅದು ನಿಲ್ಲುವುದು ಕಷ್ಟ. ಹಣ ಬೇರೆ ಕೆಲಸಕ್ಕೆ ಹೋಗಿದೆ ಎಂಬ ಪುರಾವೆ ಇದ್ದರೆ ಮಾತು ಬೇರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸರಕಾರವೇ ಇಸ್ಪೀಟು ಎಲೆ ಮುದ್ರಿಸುವೆನೆಂದು ಸುಮಾರು 25,000 ಡಾಲರ್ ಎತ್ತಿ ಕೊಡದವನ ಮೇಲೆ 2014ರಲ್ಲಿ ದಾವೆ ಹೂಡಿ ಗೆದ್ದಿತು, ಅದರಲ್ಲಿ ಆ ರಾಜ್ಯದ 31 ಕೊಡುಗೆದಾರರಿಗೆ ಮರಳಿಸಲು ಹೇಳಿದ್ದು 668 ಡಾಲರ್. ತಾನೇ ಪಿನ್ ಒತ್ತಿ ಕಳಿಸಿದ ಯುಪಿಐ ಹಣವನ್ನು ಬ್ಯಾಂಕು ತಾನಾಗಿ ಮರಳಿಸುವುದಿಲ್ಲ. ಇನ್ನೊಂದು ಸಂಗತಿಯನ್ನು ಆ ತಂಡದವರ ಕಿವಿಗೂ ಹಾಕಿ: ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟಿ ಬಂದ ಕೊಡುಗೆ ಪೂರ್ತಿಯಾಗಿ ಪಡೆದವನ ಆದಾಯವಾಗುತ್ತದೆ. ಒಬ್ಬನ ಹೆಸರಿನ ಖಾತೆಗೆ ಲಕ್ಷಗಳು ಬಂದಿದ್ದರೆ ನೋಟಿಸು ಅವನ ಮನೆಗೇ ಬಂದೀತು.

ಅಳಿಯನನ್ನು ಬಯ್ಯಬೇಡಿ, ಬಯ್ದರೆ ಹಟಕ್ಕೆ ಕೊಡುತ್ತಾನೆ. ಹಣದ ಬದಲು ಅವನ ಕೈಯಲ್ಲಿ ಒಂದು ಪತ್ರ ಕಳಿಸಿ. ಈವರೆಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ತೆಗೆದ ಫುಟೇಜು ಎಷ್ಟು ನಿಮಿಷ, ಅದು ಎಷ್ಟು ಡಿಸ್ಕಿನಲ್ಲಿದೆ. ಹದಿನೈದು ದಿನ ಗಡುವು ಕೊಡಿ. ನಲವತ್ತು ನಿಮಿಷದ ಕಚ್ಚಾ ದೃಶ್ಯ ಇದ್ದರೂ ಸಾಕು, ಹೊಡೆದಾಟ, ಗ್ರಾಫಿಕ್ಸು ಎಲ್ಲ ಬಿಟ್ಟು ಮಾತಿನ ದೃಶ್ಯಗಳನ್ನೇ ಜೋಡಿಸಿ, ಧ್ವನಿ ಕೆಟ್ಟಿದ್ದರೆ ಒಂದು ಮುಚ್ಚಿದ ಕೋಣೆಯಲ್ಲಿ ಡಬ್ ಮಾಡಿಸಿ, ಎಂಟು ಹತ್ತು ನಿಮಿಷದ ಚಿತ್ರ ಮಾಡಬಹುದು. ಅದಕ್ಕೆ ಹೊಸದಾಗಿ ಲಕ್ಷ ಬೇಕಾಗುವುದಿಲ್ಲ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಲೆಕ್ಕವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ