ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಕಾರಿಗೆ ಮನೆಯಲ್ಲೇ ಟರ್ಬೊ ಕೂರಿಸಬಹುದೇ?

ಕೂರಿಸಬಹುದು. ಆದರೆ ಟರ್ಬೊವನ್ನು, ಅಂದರೆ ಎಂಜಿನ್‌ನ ಹೊಗೆಯ ಬಲದಿಂದ ತಿರುಗಿ ಒಳಗೆ ಹೆಚ್ಚು ಗಾಳಿ ತುರುಕುವ ಪಂಪನ್ನು, ಬೋಲ್ಟ್ ಹಾಕಿ ಬಿಗಿಯುವುದು ಈ ಕೆಲಸದ ಸುಲಭ ಭಾಗ. ಇಂಥ ಎಂಜಿನ್‌ಗಳ ಸಂಕೋಚನ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಲೆಕ್ಕ) ಸಾಮಾನ್ಯವಾಗಿ 9ರಿಂದ 11ರಷ್ಟಿರುತ್ತದೆ. ಅದರ ಮೇಲೆ ಇನ್ನಷ್ಟು ಗಾಳಿ ತುರುಕಿದರೆ ಶಾಖ, ಒತ್ತಡ ಏರಿ, ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸ್ಫೋಟಿಸುತ್ತದೆ. ಇದೇ ನಾಕಿಂಗ್. ಜೋರಾದರೆ ಪಿಸ್ಟನ್ ಒಡೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಹಾಗಾಗಿ ಟರ್ಬೊಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಪೆಟ್ರೋಲ್ ಸಿಂಪಡಿಸುವ ದೊಡ್ಡ ಇಂಜೆಕ್ಟರ್, ಪ್ರೋಗ್ರಾಂ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವಾತಾವರಣಕ್ಕಿಂತ ಹೆಚ್ಚಿನ ಒತ್ತಡ ಅಳೆಯಬಲ್ಲ ಸೆನ್ಸರ್ ಮತ್ತು ಹೊಗೆಯಿಂದ ಗಾಳಿ-ಪೆಟ್ರೋಲ್ ಪ್ರಮಾಣ ತಿಳಿಸುವ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್‌ಗೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಬೂಸ್ಟ್‌ನಲ್ಲಿ, ಅಂದರೆ ಟರ್ಬೊ ಹೆಚ್ಚುವರಿ ಒತ್ತಡ ಕೊಡುವಾಗ, ಅದನ್ನು 11.5–12ಕ್ಕೆ ಇಳಿಸಿ, ಕಿಡಿಯನ್ನೂ ತುಸು ತಡಮಾಡಿ. ಒಳಭಾಗ ಬದಲಿಸದ ಎಂಜಿನ್‌ಗೆ 0.3 ಬಾರ್ ಬೂಸ್ಟ್‌ನಿಂದ ಆರಂಭಿಸುವುದು ಜಾಣತನ. ಆಸೆ ಅಲ್ಲಿಗೆ ನಿಲ್ಲುವುದಿಲ್ಲ, ಅದು ಬೇರೆ ಮಾತು!

ಅನೇಕರು ಎಡವುವುದು ಆಯಿಲ್‌ನ ಹಾದಿಯಲ್ಲಿ. ಟರ್ಬೊದಿಂದ ಹಿಂತಿರುಗುವ ಆಯಿಲ್ ತನ್ನ ಭಾರದಿಂದಲೇ ಇಳಿಯಬೇಕು. ಆ ಕೊಳವೆ ದಪ್ಪವಾಗಿದ್ದು, ಎಲ್ಲಿಯೂ ಮೇಲೇರದೆ, ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲವಾದರೆ ಆಯಿಲ್ ಸೋರಿ ಉರಿದು, ಕಾರಿನ ಹಿಂದೆ ನೀಲಿ ಹೊಗೆ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳನ್ನು ಮೀರುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಇಂಥ ಕಾರನ್ನು ರೇಸ್ ಟ್ರ್ಯಾಕ್‌ಗೆ ಮೀಸಲಿಡಿ.